ತುಟಿ ಕಾಣದವನ ಮಾತು

ಸಿಂಗಾಪುರದ ನಾಟಕದ ಮೇಷ್ಟ್ರು ಮುನಿಆಂಜಿನಪ್ಪನವರ ಬಲಗಾಲು ಒಂದು ಗಳಿಗೆ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಕಾಲಿನಿಂದ ಗಾಳಿಯೊತ್ತುವ ಹಾರ್ಮೋನಿಯಮ್ಮನ್ನು ಹರೆಯದಿಂದಲೂ ತುಳಿದ ಕಾಲು ಅದು. ಊಟಕ್ಕೆ ಕೂತರೆ ತಟ್ಟೆಯ ಪಕ್ಕದಲ್ಲಿ ತುಳಿಯುತ್ತಿತ್ತು, ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನವರ ಬೆನ್ನು ಅದುರುವಂತೆ ತುಳಿಯುತ್ತಿತ್ತು. ರಗ್ಗಿನೊಳಗೆ ಹೆಗ್ಗಣ ಹೊಕ್ಕಂತಿರುತ್ತದೆ ಎಂದು ಹೆಂಡತಿ ದ್ರೌಪದಮ್ಮ ಬೇರೆ ಚಾಪೆ ಹಾಸಿಕೊಂಡು ಎಷ್ಟೋ ವರ್ಷವಾಗಿತ್ತು. ಮನಸ್ಸೂ ಕಾಲಿನ ಹಾಗೆಯೇ. ಮೇಷ್ಟರಿಗೆ ಯಾವುದೂ ಸುಲಭಕ್ಕೆ ಸರಿ ಬರುತ್ತಿರಲಿಲ್ಲ. ಸರಿ ಬಂದದ್ದೂ ಮರುದಿನ ಸಪ್ಪೆ ಅನ್ನಿಸುತ್ತಿತ್ತು.

ಊರಿನ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮನೆಗಳಾಗಿ, ಸಿಂಗಾಪುರವೆಂಬ ಹಳ್ಳಿ ವಿದ್ಯಾರಣ್ಯಪುರದ ಬೆನ್ನಿಗಂಟಿದ ಬಡಾವಣೆಯಾಗಿದ್ದರೂ ಅಲ್ಲಿಯ ಹಳಬರು ವರ್ಷಕ್ಕೊಮ್ಮೆ ಪೌರಾಣಿಕ ನಾಟಕ ಆಡುವುದನ್ನು ಬಿಟ್ಟಿರಲಿಲ್ಲ. ಆಡುವವರು ಹಾಲಿನ ಬೂತಿನವನು, ವಿಮೆ ಏಜೆಂಟು, ಟೆಂಪೋ ಓಡಿಸುವವನು, ಇಂಥವರು. ಇಲ್ಲಿ ನಟನಿಗೆ ಯಾರೂ ದುಡ್ಡು ಕೊಡುವುದಿಲ್ಲ, ನಟನೇ ದುಡ್ಡು ಕೊಟ್ಟು ಪಾತ್ರ ಕೊಳ್ಳಬೇಕು. ಗದೆ ಹಿಡಿಯುವ ರಾಜನ ಪಾತ್ರ ಎಲ್ಲಕ್ಕಿಂತ ದುಬಾರಿ. ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಬ್ಯಾಟರಾಯಪ್ಪ ಅದನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಎಲ್ಲಕ್ಕಿಂತ ಅಗ್ಗ ಬಾಗಿಲು ಕಾಯುವ ಭಟನ ಪಾತ್ರ. ಅದು ಅಟ್ಟೂರಿನ ಮುನಿಶಾಮಪ್ಪನದು. ಕೊಟ್ಟದ್ದು ಹೆಚ್ಚಿರಲಿ, ಕಡಿಮೆಯಿರಲಿ, ಪಾತ್ರಧಾರಿಯ ಹೆಸರನ್ನು ಅವನ ಅಪ್ಪನ ಹೆಸರು, ಊರಿನ ಹೆಸರಿನ ಸಮೇತ ಮೈಕಿನಲ್ಲಿ ಕೂಗಲೇಬೇಕು. ಕೂಗುವುದು ಮೇಷ್ಟರ ಕೆಲಸ.

೨೦೦೮ರ ನಾಟಕದಲ್ಲಿ ಮೇಷ್ಟ್ರು ಎಡವಿದರು. ಹೊಸ ಮೈಕು ಕೀರಲಿಡುತ್ತಿದ್ದ ಗಡಿಬಿಡಿಯಲ್ಲಿ ಭಟನ ಹೆಸರು ಕೂಗುವುದು ಮರೆತೇಹೋಯಿತು. ಯುದ್ಧದ ದೃಶ್ಯ ಬಂತು. ಶತ್ರುವಿನ ಕತ್ತಿ ಮುನಿಶಾಮಪ್ಪನ ಹೊಟ್ಟೆಗೆ ತಗುಲಿತು, ಅವನು ಬೀಳಲಿಲ್ಲ. ಮತ್ತೆ ತಗುಲಿತು. ಈಟಿಯನ್ನು ನೆಲಕ್ಕೂರಿ ಗೂಟದ ಹಾಗೆ ನಿಂತೇ ಇದ್ದ. ಹಾರ್ಮೋನಿಯಂ ಹಿಂದಿನಿಂದ ಮೇಷ್ಟ್ರು ಸಾಯೋ, ಸಾಯೋ ಎಂದು ಪಿಸುಗುಟ್ಟಿದ್ದಕ್ಕೆ ಅವನು ಇಡೀ ಸಭೆಗೆ ಕೇಳುವಂತೆ ಉತ್ತರ ಕೊಟ್ಟ.

"ನನ್ ಎಸ್ರು ಕೂಗೋಗಂಟ ನಾನ್ ಸಾಯಾಕಿಲ್ಲ."

ಜನ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಮೈಕು ಕಿತ್ತುಕೊಂಡು, ಅಟ್ಟೂರಿನ ದಿವಂಗತ ದೊಡ್ಡಮುನಿಯಪ್ಪನವರ ಮಗ ಮುನಿಶಾಮಪ್ಪ ಎಂದು ಕೂಗಿದ ಮೇಲೆಯೇ ಅವನು ಈಟಿ ಬಿಟ್ಟು, ಪಂಚೆ ಸರಿಮಾಡಿಕೊಂಡು, ನೆಮ್ಮದಿಯಾಗಿ ಮಲಗಿ ಸತ್ತದ್ದು. ಆಮೇಲೆ ವರ್ಷಗಟ್ಟಲೆ ಆ ಕಥೆಯನ್ನು ಹೇಳಿ ನಗದವರಿರಲಿಲ್ಲ. ಮೇಷ್ಟ್ರು ಮಾತ್ರ ನಗುತ್ತಿರಲಿಲ್ಲ. ತಪ್ಪು ತಮ್ಮದೆಂದು ಅವರಿಗೆ ಗೊತ್ತಿತ್ತು.

ಇನ್ನೊಂದು ಪದ್ಧತಿ ಒನ್ಸ್ ಮೋರ್. ಹಾಡು ಚೆನ್ನಾಗಿ ಬಂದರೆ ಜನ ಒನ್ಸ್ ಮೋರ್ ಎಂದು ಕೂಗುತ್ತಾರೆ. ಆಗ ಸತ್ತು ಬಿದ್ದ ರಾಜನೂ ಎದ್ದು ಮೈ ಕೊಡವಿಕೊಂಡು, ಹಾಡನ್ನು ಮತ್ತೆ ಹಾಡಿ, ಮತ್ತೆ ಸಾಯಬೇಕು. ಈ ವಿಷಯದಲ್ಲಿ ಮೇಷ್ಟರದು ಬಿಡದ ಹಟ. ಎರಡನೇ ಸಲ ಮೊದಲಿನ ಹಾಗೆಯೇ ಹಾಡಕೂಡದು. ರಾಗದಲ್ಲಿ ಒಂದು ತಿರುವು, ಮಾತಿನ ನಡುವೆ ಒಂದು ಉಸಿರು, ಏನಾದರೊಂದು ಹೊಸದು ಬರಬೇಕು. ಬರದಿದ್ದರೆ ಹಾರ್ಮೋನಿಯಂ ನಿಲ್ಲಿಸಿಬಿಡುತ್ತಿದ್ದರು. ದುಡ್ಡು ಸುರಿದು ಗದೆ ಹಿಡಿದ ಬ್ಯಾಟರಾಯಪ್ಪ ಶ್ರುತಿಯಿಲ್ಲದೆ ಬಾಯಿ ಬಿಟ್ಟುಕೊಂಡು ನಿಂತದ್ದೂ ಉಂಟು. ಜನ ಕೂಗಿದ್ದು ಹಾಡು ಬೇಕೆಂದು, ತಂಗಳು ಬೇಕೆಂದಲ್ಲ ಎನ್ನುವುದು ಮೇಷ್ಟರ ವಾದ.

ಇಷ್ಟು ಬಿಗಿಯಾಗಿದ್ದ ಮನುಷ್ಯನಿಗೆ ಒಳಗೊಂದು ಕೊರಗಿತ್ತು. ಕಲಿಸಿದ ಮಾತುಗಳೆಲ್ಲ ಯಾರೋ ಯಾವಾಗಲೋ ಬರೆದವು. ಇದು ನನ್ನದು ಎಂದು ಬೆರಳಿಟ್ಟು ತೋರಿಸಲು ಒಂದು ಸಾಲೂ ಇರಲಿಲ್ಲ. ಎಷ್ಟೋ ಸಲ ಬರೆಯಲು ಕೂತು, ಬರೆದದ್ದನ್ನು ಹರಿದು ಒಲೆಗೆ ಹಾಕಿದ್ದರು. ವಯಸ್ಸು ಅರವತ್ತರ ಹತ್ತಿರ ಬಂದಂತೆ ಆ ಕೊರಗು ಕಾಲಿಗಿಳಿದು ತುಳಿತ ಇನ್ನೂ ಜೋರಾಯಿತು.

ಅಂಥ ಹೊತ್ತಿಗೆ ಯೋಗಾನಂದನ ಫೋನು ಬಂತು. ಚಿಕ್ಕಂದಿನಲ್ಲಿ ಮೇಷ್ಟರ ನಾಟಕದಲ್ಲಿ ರಾಜಕುಮಾರನಾಗಿದ್ದ ಹುಡುಗ ಅವನು, ಈಗ ಆರ್.ಟಿ. ನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದ. ೨೦೧೮ರ ಮಾತು. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಹಳೆಯ ಬಿಗಿ ಸಡಿಲವಾಗಿ ಹೊರಗಿನ ಸಿನಿಮಾಗಳು ಕನ್ನಡ ಮಾತಾಡತೊಡಗಿದ್ದವು. ಅಂಥದೊಂದು ಭಾರೀ ಇಂಗ್ಲಿಷ್ ಸಿನಿಮಾ ಅವನ ಕೈಗೆ ಬಂದಿತ್ತು, ನಾಲ್ಕನೇ ಭಾಗ. ಮಾತುಗಳನ್ನು ಮೇಷ್ಟ್ರೇ ಬರೆಯಬೇಕು ಎಂದ. ಮೊದಲಿನ ಮೂರು ಭಾಗ ನೋಡದೆ ನಾಲ್ಕನೆಯದಕ್ಕೆ ಹೇಗಪ್ಪ ಬರೆಯುವುದು ಎಂದು ಮೇಷ್ಟ್ರು ಕೇಳಿದರು. ಯಾವುದರಿಂದ ಶುರು ಮಾಡಿದರೂ ಒಂದೇ ಎಂದು ಯೋಗಾನಂದ ನಗದೆ ಹೇಳಿದ. ಮೇಷ್ಟ್ರು ಅದನ್ನು ತಮಾಷೆಯೆಂದುಕೊಂಡರು. ಕೊನೆಗೂ ಬರೆಯುವ ಕೆಲಸ ಮನೆಬಾಗಿಲಿಗೆ ಬಂತಲ್ಲ ಎಂಬ ಸಡಗರದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆರ್.ಟಿ. ನಗರದ ಬಸ್ಸು ಹತ್ತಿದರು.

ತಮಾಷೆಯಲ್ಲವೆಂದು ಸಿನಿಮಾ ನೋಡಿದ ಮೇಲೆ ತಿಳಿಯಿತು. ಊರಿಗೆ ಊರೇ ಉರುಳಿಬೀಳುತ್ತಿತ್ತು, ಒಬ್ಬಳು ತಾಯಿ ಅಳಲಿಲ್ಲ. ಆಕಾಶ ಸೀಳಿ ಹಡಗುಗಳು ಬಂದವು, ಯಾಕೆ ಬಂದವೆಂದು ಬಂದವರಿಗೂ ಗೊತ್ತಿದ್ದಂತಿರಲಿಲ್ಲ. ಅರ್ಧದಲ್ಲಿ ನಾಯಕ ಸತ್ತಾಗ ಮೇಷ್ಟ್ರು ಅಯ್ಯೋ ಎಂದರು. ಪಕ್ಕದಲ್ಲಿದ್ದ ಯೋಗಾನಂದ, ಬೇಜಾರು ಮಾಡಿಕೊಳ್ಳಬೇಡಿ, ಐದನೇ ಭಾಗಕ್ಕೆ ಅವನು ಬೇಕು, ಎದ್ದು ಬರುತ್ತಾನೆ ಎಂದು ಸಮಾಧಾನ ಹೇಳಿದ. ಸತ್ತವನು ಎದ್ದು ಬರುವುದು ಮೇಷ್ಟರಿಗೆ ಹೊಸದಲ್ಲ. ಆದರೆ ನಾಟಕದಲ್ಲಿ ಅವನನ್ನು ಜನ ಕೂಗಿ ಎಬ್ಬಿಸುತ್ತಾರೆ. ಇಲ್ಲಿ ಯಾರೂ ಕರೆಯುವ ಮೊದಲೇ ಎದ್ದು ಬಂದು ನಿಂತಿದ್ದ.

ಬರೆಯಲು ಮಾತಾದರೂ ಏನಿತ್ತು? 'ಬೇಗ', 'ಹುಷಾರು', 'ಇದಿನ್ನೂ ಮುಗಿದಿಲ್ಲ', 'ಜಗತ್ತನ್ನು ಉಳಿಸಬೇಕು'. ಅದರ ಮೇಲೆ ತುಟಿಯ ಕಾಟ. ನಟನ ತುಟಿ ಕೂಡಿದ ಕಡೆ ಕನ್ನಡದ ಮಾತಿನಲ್ಲೂ ತುಟಿ ಕೂಡಬೇಕು, ಅವನು ಬಾಯಿ ಮುಚ್ಚುವುದರೊಳಗೆ ಮಾತು ಮುಗಿಯಬೇಕು. ಜಗತ್ತನ್ನು ಉಳಿಸುವ ಅದೇ ಮಾತನ್ನು ಬೇರೆ ಬೇರೆ ಬಾಯಿಗಳಿಗೆ ಹೊಂದಿಸಿ ಹೊಂದಿಸಿ ಮೇಷ್ಟರಿಗೆ ತಲೆ ಚಿಟ್ಟು ಹಿಡಿಯಿತು. ಮನೆಗೆ ಬಂದರೆ ಕೂರಲಾಗುತ್ತಿರಲಿಲ್ಲ. ಅಂಗಳದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಂಗಳಕ್ಕೆ ಓಡಾಡುತ್ತಿದ್ದರು. ದ್ರೌಪದಮ್ಮ ಸೊಪ್ಪು ಬಿಡಿಸುತ್ತ, ಏನು ಕಥೆ ಆ ಪಿಚ್ಚರ್‌ನಲ್ಲಿ ಎಂದು ಕೇಳಿದಳು. ಮೇಷ್ಟ್ರು ಹಡಗು, ಬೆಂಕಿ, ಹಾರುವ ಕಾರು ಎಲ್ಲ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ಅದ್ಸರಿ, ಯಾರ್‌ಗೆ ಏನ್ ಕಷ್ಟ?"

ಮೇಷ್ಟ್ರು ಯೋಚಿಸಿದರು. ಮತ್ತೆ ಅಂಗಳಕ್ಕೆ ಹೋದರು.

ಮರುದಿನ ಸ್ಟುಡಿಯೋದಲ್ಲಿ ಅದೇ ದೃಶ್ಯಗಳನ್ನು ತಿರುಗಿಸಿ ತಿರುಗಿಸಿ ನೋಡುವಾಗ ಒಂದು ಕಡೆ ಅವರ ಕಣ್ಣು ನಿಂತಿತು. ಖಳನಾಯಕನ ಕೋಟೆಯ ಬಾಗಿಲಲ್ಲಿ ಕಬ್ಬಿಣದ ಹೆಲ್ಮೆಟ್ ಹಾಕಿದ ಇಬ್ಬರು ಕಾವಲುಗಾರರು. ನಾಯಕ ನುಗ್ಗಿ ಬಂದು ಒಬ್ಬನನ್ನು ಹೊಡೆದು ಉರುಳಿಸುತ್ತಾನೆ. ಇನ್ನೊಬ್ಬ ಸತ್ತವನ ಮೇಲೆ ಬಗ್ಗಿ, ತಲೆಯೆತ್ತಿ, ನಾಯಕನನ್ನು ನೋಡುತ್ತ ಒಂದೆರಡು ಉಸಿರು ನಿಲ್ಲುತ್ತಾನೆ. ಆಮೇಲೆ ಅವನೂ ಉರುಳುತ್ತಾನೆ. ಇಂಗ್ಲಿಷಿನಲ್ಲಿ ಅಲ್ಲಿ ಮಾತಿಲ್ಲ, ಬರೀ ಉಸಿರಿನ ಸದ್ದು. ಆದರೆ ಅವನ ಮುಖವೆಲ್ಲ ಕಬ್ಬಿಣ. ತುಟಿ ಕಾಣುವುದಿಲ್ಲ.

ಮೇಷ್ಟರ ಕಾಲು ತುಳಿಯತೊಡಗಿತು. ತುಟಿ ಕಾಣದವನ ಬಾಯಲ್ಲಿ ಯಾವ ಮಾತನ್ನಾದರೂ ಇಡಬಹುದು. ಬಾಗಿಲು ಕಾಯುವವನು. ಈಟಿ ಊರಿಕೊಂಡು ಗೂಟದ ಹಾಗೆ ನಿಂತ ಮುನಿಶಾಮಪ್ಪ ನೆನಪಾದ. ಪೆನ್ನು ತಾನಾಗಿ ಓಡಿತು. ಬರೆದದ್ದನ್ನು ಯೋಗಾನಂದ ಓದಿ, ಇದು ಇಂಗ್ಲಿಷಿನಲ್ಲಿ ಇಲ್ಲವಲ್ಲ ಎಂದು ತಲೆ ಕೆರೆದುಕೊಂಡ. ಸಿನಿಮಾ ಕಂಪನಿಯವರಿಗೆ ಗೊತ್ತಾದರೆ ತನ್ನ ಕೆಲಸ ಹೋಗುತ್ತದೆ ಎಂದ. ಇಷ್ಟು ಗದ್ದಲದಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ ಬಿಡೋ ಎಂದರು ಮೇಷ್ಟ್ರು. ಕೊನೆಗೆ ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು ಅವನು ಒಪ್ಪಿದ.

ಆ ಕಾವಲುಗಾರನಿಗೆ ಧ್ವನಿ ಕೊಟ್ಟವನು ನಜೀರ್. ಪ್ರಚಾರದ ಆಟೋದಲ್ಲಿ ಮೈಕು ಹಿಡಿದು ಸೀರೆ ಸೇಲು, ಸರ್ಕಸ್ಸು ಎಂದು ಹೆಬ್ಬಾಳದಿಂದ ಯಲಹಂಕದವರೆಗೆ ಕೂಗಿಕೊಂಡು ಹೋಗುವುದು ಅವನ ಕೆಲಸ. ಸ್ಟುಡಿಯೋದಲ್ಲಿ ಚಿಲ್ಲರೆ ಪಾತ್ರಗಳಿಗೆ ಕಿರುಚಲು ಬರುತ್ತಿದ್ದ. ಹಾಳೆ ಓದಿಕೊಂಡು ಅವನು ಮೇಷ್ಟರ ಕಡೆ ತಿರುಗಿದ.

"ಸತ್ತಿರೋದು ಯಾರು ಮೇಷ್ಟ್ರೇ? ಇವನಿಗೆ ಏನಾಗ್ಬೇಕು?"

ಜೊತೆಗಾರ, ಅಷ್ಟು ಸಾಕು, ಹೇಳಪ್ಪ ಎಂದರು ಮೇಷ್ಟ್ರು. ನಜೀರ್ ಕಿರುಚಲಿಲ್ಲ. ಮೈಕಿನ ಹತ್ತಿರ ಹೋಗಿ, ಮನೆಯ ಜಗಲಿಯ ಮೇಲೆ ಕೂತು ಹೇಳುವ ಹಾಗೆ ಹೇಳಿದ.

"ಇವನಿಗೂ ಒಂದು ಹೆಸರಿತ್ತು. ಕೇಳಿ ಹೊಡೀಬೇಕಿತ್ತು."

ಸಿನಿಮಾ ಬಿಡುಗಡೆಯಾದಾಗ ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಯಲಹಂಕದ ಹಳೆಯ ಟಾಕೀಸಿಗೆ ಹೋದರು. ಮೊದಲ ಬಾಂಬು ಸಿಡಿಯುವ ಮುಂಚೆಯೇ ದ್ರೌಪದಮ್ಮ ಸೆರಗು ಹೊದ್ದು ನಿದ್ದೆ ಹೋದಳು. ಮೇಷ್ಟರಿಗೆ ಬೆವರು. ಕೋಟೆಯ ಬಾಗಿಲು ಬಂತು. ಒಬ್ಬ ಉರುಳಿದ. ಇನ್ನೊಬ್ಬ ಬಗ್ಗಿದ, ತಲೆಯೆತ್ತಿದ, ಹೇಳಿದ. ಆಮೇಲೆ ಹಿಂದಿನ ಸಾಲುಗಳಿಂದ ಸಿಳ್ಳೆ ಎದ್ದಿತು, ಯಾರೋ ಪುಣ್ಯಾತ್ಮ ಗಂಟಲು ಹರಿಯುವಂತೆ "ಒನ್ಸ್ ಮೋರ್" ಎಂದು ಕೂಗಿದ. ಮೇಷ್ಟ್ರು ಅಭ್ಯಾಸಬಲದಿಂದ ಕಾಲನ್ನು ಹಾರ್ಮೋನಿಯಂ ಮೇಲಿಡುವವರಂತೆ ಎತ್ತಿದರು. ಆದರೆ ಪರದೆಗೆ ಕಿವಿಯಿಲ್ಲ. ಕಾವಲುಗಾರ ಉರುಳಿದ, ನಾಯಕ ದಾಟಿಕೊಂಡು ಹೋದ, ಮತ್ತೆ ಬಾಂಬು ಶುರುವಾಯಿತು. ಸಿಳ್ಳೆಗೆ ಎಚ್ಚರಗೊಂಡ ದ್ರೌಪದಮ್ಮ ಗಂಡನ ಮುಖ ನೋಡಿ, ನಿಮ್ಮದಾ ಎಂದು ಕೇಳಿದಳು. ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರಿತ್ತು.

ಕೆಲವು ವಾರ ಮೇಷ್ಟ್ರು ನೆಲದ ಮೇಲೆ ನಡೆಯಲಿಲ್ಲ. ಕ್ಷೌರಕ್ಕೆಂದು ಹೇಳಿ ಟಾಕೀಸಿಗೆ ಹೋಗಿ ಬರುತ್ತಿದ್ದರು. ತಲೆಗೂದಲು ಮಾತ್ರ ಬೆಳೆಯುತ್ತಲೇ ಇತ್ತು. ಮಾತು ಟಾಕೀಸು ದಾಟಿ ಬೀದಿಗೆ ಬಂದಿತ್ತು. ಬಸ್ಸಿನಲ್ಲಿ ಹುಡುಗರು ಆಡುತ್ತಿದ್ದರು. ಒಂದು ದಿನ ಯಶವಂತಪುರದ ಮಂಡಿಗೆ ಹೋದಾಗ ಬ್ಯಾಟರಾಯಪ್ಪನ ಅಂಗಡಿಯ ಹಮಾಲರು ಕೊಳೆತ ಈರುಳ್ಳಿಯನ್ನು ಆರಿಸಿ ಎಸೆಯುತ್ತ, ಇವನಿಗೂ ಒಂದು ಹೆಸರಿತ್ತು ಎಂದು ನಗುತ್ತಿದ್ದರು. ಮೇಷ್ಟರಿಗೆ ಖುಷಿಯಾಯಿತು. ಮನೆಗೆ ಬರುವ ದಾರಿಯಲ್ಲಿ, ಬಿಇಎಲ್ ವೃತ್ತದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ, ಯಾಕೋ ಆ ಖುಷಿ ಕಾಲಿಗೆ ಸಿಕ್ಕ ಹರಳಿನ ಹಾಗೆ ಚುಚ್ಚತೊಡಗಿತು. ಸೀಟು ಬದಲಾಯಿಸಿ ಕೂತರು. ಹೋಗಲಿಲ್ಲ.

೨೦೧೯ರಲ್ಲಿ ಐದನೇ ಭಾಗ ಬಂತು. ಯೋಗಾನಂದ ಫೋನು ಮಾಡಿ, ಕಂಪನಿಯವರಿಗೆ ಆ ಸಾಲಿನ ವಿಷಯ ತಿಳಿದಿದೆ, ತಕ್ಷಣ ಬನ್ನಿ ಎಂದ. ಬೈಗುಳಕ್ಕೆ ಸಿದ್ಧರಾಗಿ ಹೋದರೆ ಅಲ್ಲಿ ಬೇಕರಿಯಿಂದ ಕೇಕು ತರಿಸಿಟ್ಟಿದ್ದ. ಆ ಮಾತು ಜನರ ಬಾಯಲ್ಲಿ ನಿಂತಿರುವುದು ಕಂಪನಿಯವರ ಕಿವಿಗೂ ಬಿದ್ದು ಅವರು ಕುಣಿದಾಡುತ್ತಿದ್ದಾರಂತೆ. ಐದನೇ ಭಾಗದಲ್ಲಿ ಹೆಲ್ಮೆಟ್ಟಿನವರು ದಂಡಿಗೆ ದಂಡೇ ಇದ್ದಾರೆ. ಅವರು ಸತ್ತಾಗಲೆಲ್ಲ ಆ ಮಾತು ಬರಬೇಕು. ನಾಯಕ ಒಮ್ಮೆ ಹೇಳಬೇಕು. ನಾಯಕನ ಜೊತೆಗಿರುವ ನಗಿಸುವವನೂ ಹೇಳಬೇಕು.

ಮೇಷ್ಟ್ರು ಕೇಕು ಮುಟ್ಟಲಿಲ್ಲ. ಅದು ಒಬ್ಬ ಸತ್ತವನ ಮುಂದೆ ಇನ್ನೊಬ್ಬ ಆಡಿದ ಮಾತು, ಎಲ್ಲರ ಬಾಯಿಗೂ ಬರುವಂಥದಲ್ಲ ಎಂದರು. ಬೇಕಾದರೆ ಹೊಸದು ಬರೆದುಕೊಡುತ್ತೇನೆ, ಇದಕ್ಕಿಂತ ಚೆನ್ನಾಗಿ ಬರೆಯುತ್ತೇನೆ ಎಂದರು. ಹಾಗೆನ್ನುವಾಗ ಅವರ ಧ್ವನಿಯಲ್ಲಿ ಬೇಡಿಕೆಯಿತ್ತು. ಅದು ಅವರಿಗೇ ಕೇಳಿ ನಾಚಿಕೆಯಾಯಿತು.

"ಹೊಸದು ಬೇಡ ಮೇಷ್ಟ್ರೇ. ಅದೇ ಬೇಕು. ಒನ್ಸ್ ಮೋರ್ ಅಂತ ಕೂಗಿದ್ದು ಜನಾನೇ ಅಲ್ವಾ?" ಎಂದ ಯೋಗಾನಂದ.

ಒನ್ಸ್ ಮೋರ್ ಅಂದರೆ ಅದಲ್ಲವೋ ಎಂದು ಮೇಷ್ಟ್ರು ಹೇಳಹೊರಟರು. ನೀವು ಬರೆಯದಿದ್ದರೆ ಬೇರೆ ಯಾರಾದರೂ ಬರೆಯುತ್ತಾರೆ ಎಂದು ಯೋಗಾನಂದ ಮೆತ್ತಗೆ ಸೇರಿಸಿದ. ಅದೇ ಅವರನ್ನು ಬೀಳಿಸಿತು. ತಮ್ಮ ಒಂದೇ ಒಂದು ಮಾತಿನ ಮೇಲೆ ಇನ್ನೊಬ್ಬರು ಕೈಯಾಡಿಸುವುದನ್ನು ನೆನೆಯಲೂ ಅವರಿಂದಾಗಲಿಲ್ಲ. ಕೆಡಿಸುವುದಾದರೆ ತಾವೇ ಕೆಡಿಸುವುದು ವಾಸಿ ಎಂಬಂಥ ಹುಚ್ಚು ಲೆಕ್ಕ. ಕೂತು ಬರೆದರು. ಕಾವಲುಗಾರರಿಗೆ ಬರೆದರು, ನಾಯಕನಿಗೆ ಬರೆದರು. ನಗಿಸುವವನ ಬಾಯಿಗೆ, ಅವನ ತುಟಿ ಕೂಡುವ ಕಡೆ ಕೂಡಿಸಿ, ಇವನಿಗೂ ಒಂದು ಹೆಸರಿತ್ತು, ಕೇಳೋಕೆ ಟೈಮಿಲ್ಲ ಗುರು ಎಂದು ಬರೆದುಕೊಟ್ಟವರೂ ಇದೇ ಮೇಷ್ಟ್ರೇ. ಯೋಗಾನಂದ ನಕ್ಕು ನಕ್ಕು ಕಣ್ಣೊರೆಸಿಕೊಂಡ.

ಕೆಲವು ದಿನದ ಮೇಲೆ ನಜೀರ್ ಫೋನು ಮಾಡಿದ. ರೆಕಾರ್ಡಿಂಗಿಗೆ ಕರೆಯುತ್ತಾರೆಂದು ಕಾದಿದ್ದನಂತೆ, ಗಂಟಲು ಕೆಡಬಾರದೆಂದು ಆಟೋದಲ್ಲಿ ಕೂಗುವುದನ್ನೂ ಬಿಟ್ಟು ಕೂತಿದ್ದನಂತೆ.

"ನನ್ನ ಧ್ವನಿ ಅವರ ಹತ್ರಾನೇ ಇದೆಯಂತೆ ಮೇಷ್ಟ್ರೇ. ಹಳೇದನ್ನೇ ಎತ್ತಿ ಎಲ್ಲಾ ಕಡೆ ಅಂಟಿಸ್ಕೊಂಡಿದಾರೆ. ನಾನು ಬೇಕಾಗಿಲ್ವಂತೆ."

ಅವನು ದೂರುವ ಧ್ವನಿಯಲ್ಲಿ ಹೇಳಲಿಲ್ಲ, ಸಮಾಚಾರ ಹೇಳುವ ಹಾಗೆ ಹೇಳಿದ. ಮೇಷ್ಟ್ರು ಏನೋ ಗೊಣಗಿ ಫೋನು ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದರು. ಸುಮ್ಮನೆ ನಡೆದರು. ಹೊಸ ಬಡಾವಣೆಯ ರಸ್ತೆಗಳೆಲ್ಲ ಒಂದೇ ಥರ, ಮನೆಗಳೆಲ್ಲ ಒಂದೇ ಥರ. ಹುಟ್ಟಿದ ಊರಿನಲ್ಲೇ ದಾರಿ ತಪ್ಪಿ ಯಾರನ್ನೋ ಕೇಳಿಕೊಂಡು ಮನೆಗೆ ಬಂದರು.

ಐದನೇ ಭಾಗವನ್ನು ಹೆಬ್ಬಾಳದ ಕಡೆಯ ಮಾಲೊಂದರಲ್ಲಿ ನೋಡಿದರು. ದ್ರೌಪದಮ್ಮ ಈ ಸಲ ನಿದ್ದೆ ಮಾಡಲಿಲ್ಲ, ಗಂಡನ ಮಾತಿಗಾಗಿ ಕಣ್ಣು ಬಿಟ್ಟುಕೊಂಡು ಕಾದಳು. ಮಾತು ಬಂತು. ನಜೀರನ ಧ್ವನಿಯಲ್ಲಿ ಒಬ್ಬ ಸತ್ತ, ಅದೇ ಧ್ವನಿಯಲ್ಲಿ ಇನ್ನೊಬ್ಬ ಸತ್ತ, ಆ ಜಗಲಿಯ ಮೇಲಿನ ಉಸಿರು ಕೂಡ ಎಲ್ಲ ಕಡೆ ಒಂದೇ. ಜನ ಮೊದಲ ಸಲ ಸಿಳ್ಳೆ ಹಾಕಿದರು, ಎರಡನೇ ಸಲ ತಾವೂ ಜೊತೆಗೆ ಹೇಳಿದರು. ಕೊನೆಗೆ ನಗಿಸುವವನು ಒಂದು ಹೆಣವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ತನ್ನ ಮಾತು ಹೇಳಿದಾಗ ಸಭಾಂಗಣವೇ ನಕ್ಕಿತು. ದ್ರೌಪದಮ್ಮ ನಗಲಿಲ್ಲ.

"ಇದೂ ನೀವೇ ಬರ್ದ್ರಾ?" ಎಂದು ಕೇಳಿದಳು.

ಇಲ್ಲ, ಯೋಗಾನಂದ ಎಂದರು ಮೇಷ್ಟ್ರು. ಮದುವೆಯಾದಾಗಿನಿಂದ ಅವಳಿಗೆ ಹೇಳಿದ ಸುಳ್ಳುಗಳಲ್ಲಿ ಇಷ್ಟು ಬೇಗ ಬಾಯಿಗೆ ಬಂದದ್ದು ಬೇರೊಂದಿಲ್ಲ. ಬಸ್ಸಿನಲ್ಲಿ ಅವರ ಕಾಲು ಎಷ್ಟು ಜೋರಾಗಿ ತುಳಿಯಿತೆಂದರೆ ಅವಳು ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದುಕೊಂಡಳು. ಅದು ಅವಳ ಕೈಯಡಿಯಲ್ಲೂ ತುಳಿಯಿತು.

ಅದೇ ತಿಂಗಳು ಊರ ನಾಟಕದ ತಾಲೀಮು ಶುರುವಾಯಿತು. ಸಂಜೆ ಸಮುದಾಯ ಭವನದಲ್ಲಿ ಎಲ್ಲ ಸೇರುತ್ತಿದ್ದರು. ಮೇಷ್ಟರಿಗೆ ಅಲ್ಲೊಂದು ನೆಮ್ಮದಿ ಕಾಣುವ ಆಸೆಯಿತ್ತು; ಇಲ್ಲಿ ಮಾತು ತಮ್ಮದಲ್ಲದಿದ್ದರೂ ಮಾತಿಗೆ ಮರ್ಯಾದೆಯಿದೆ ಎಂದುಕೊಂಡು ಹಾರ್ಮೋನಿಯಂ ಮುಂದೆ ಕೂತರು.

ಯುದ್ಧ ಮುಗಿದ ಮೇಲಿನ ದೃಶ್ಯ. ಎಲ್ಲವನ್ನೂ ಕಳೆದುಕೊಂಡ ರಾಜ ಒಬ್ಬನೇ ಹೆಣಗಳ ನಡುವೆ ನಡೆಯುತ್ತಾನೆ, ಬಿದ್ದವರನ್ನು ನೋಡುತ್ತ ನಿಂತು ಹಾಡುತ್ತಾನೆ. ನೆಲದ ಮೇಲೆ, ಟವೆಲನ್ನು ಸುತ್ತಿ ತಲೆಯಡಿ ಇಟ್ಟುಕೊಂಡು ಭಟ ಮುನಿಶಾಮಪ್ಪ ಸತ್ತು ಮಲಗಿದ್ದ. ಮೇಷ್ಟ್ರು ಶ್ರುತಿ ಹಿಡಿದರು. ಬ್ಯಾಟರಾಯಪ್ಪ ಗದೆಯೆಳೆದುಕೊಂಡು ಬಂದ, ಮುನಿಶಾಮಪ್ಪನ ಹತ್ತಿರ ನಿಂತ. ಹಾಡು ಶುರುವಾಗಬೇಕಿತ್ತು. ಹಿಂದಿನ ಭಾನುವಾರವಷ್ಟೇ ಮೊಮ್ಮಕ್ಕಳ ಜೊತೆ ಮಾಲಿಗೆ ಹೋಗಿ ಬಂದಿದ್ದ ಅವನು ಗದೆಯನ್ನು ಹೆಗಲಿಗೇರಿಸಿ, ಸೊಂಟ ಓರೆ ಮಾಡಿ, ಆ ನಗಿಸುವವನ ಧ್ವನಿಯಲ್ಲಿಯೇ ಹೇಳಿದ.

"ಇವನಿಗೂ ಒಂದು ಹೆಸರಿತ್ತು. ಕೇಳೋಕೆ ಟೈಮಿಲ್ಲ ಗುರು."

ಭವನವೆಲ್ಲ ನಗು. ಟೆಂಪೋದವನು ಗೋಡೆಗೊರಗಿಕೊಂಡು ಒನ್ಸ್ ಮೋರ್ ಎಂದ. ಬ್ಯಾಟರಾಯಪ್ಪ ಮತ್ತೆ ಹೇಳಿದ, ಅದೇ ಸೊಂಟ, ಅದೇ ಹೆಗಲು, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ. ಸತ್ತ ಮುನಿಶಾಮಪ್ಪನ ಹೊಟ್ಟೆ ನಗು ತಡೆಯಲಾರದೆ ಕುಲುಕುತ್ತಿತ್ತು.

ಹಾರ್ಮೋನಿಯಂ ನಿಂತಿತು. ಅದೇ ಹಾಡನ್ನು ಅದೇ ಹಾಗೆ ಹಾಡಿದವನಿಗೆ ಮೇಷ್ಟ್ರು ಯಾವಾಗಲೂ ಮಾಡುತ್ತಿದ್ದ ಶಿಕ್ಷೆಯೇ ಅದು. ಎಲ್ಲರೂ ಹಾಗೆಯೇ ತಿಳಿದರು. ಆದರೆ ಈ ಸಲ ಅವರು ನಿಲ್ಲಿಸಿರಲಿಲ್ಲ. ಕಾಲೇ ನಿಂತುಬಿಟ್ಟಿತ್ತು. ಆ ಮಾತು ನನ್ನದು, ಅದನ್ನು ಬರೆದವನು ನಾನು, ಹೀಗೆ ಹೇಳುವುದಕ್ಕಲ್ಲ ಬರೆದದ್ದು ಎಂದು ಕೂಗಬೇಕೆನ್ನಿಸಿತು. ಯಾವ ಬಾಯಲ್ಲಿ ಕೂಗುವುದು? ಸೊಂಟ ಓರೆ ಮಾಡುವ ಮಾತನ್ನು ಬರೆದದ್ದೂ ಇದೇ ಕೈ. ಎದೆಯಲ್ಲಿ ಸಿಟ್ಟು, ಅವಮಾನ ಎರಡೂ ಒಟ್ಟಿಗೆ ಕುದಿದು, ಕೊನೆಗೆ ಬಾಯಿಗೆ ಬಂದದ್ದು ಇಷ್ಟೇ.

"ಏನ್ ಹೆಸ್ರು?"

ಬ್ಯಾಟರಾಯಪ್ಪನಿಗೆ ಅರ್ಥವಾಗಲಿಲ್ಲ.

"ಇವನಿಗೂ ಒಂದು ಹೆಸರಿತ್ತು ಅಂದ್ಯಲ್ಲಪ್ಪ. ಏನ್ ಹೆಸ್ರು ಅವನ್ದು?"

"ಅದು ಪಿಚ್ಚರ್ದು ಮೇಷ್ಟ್ರೇ. ಅದ್ರಾಗೆ ಏಳಿಲ್ಲ."

ನಿಜ. ಅದರಲ್ಲಿ ಹೇಳಿಲ್ಲ. ಹೇಳಬೇಕಾದವರು ಮೇಷ್ಟ್ರೇ, ಅವರೂ ಹೇಳಿರಲಿಲ್ಲ. ಸತ್ತಿರೋದು ಯಾರು ಎಂದು ನಜೀರ್ ಅಂದೇ ಕೇಳಿದ್ದ. ಜೊತೆಗಾರ, ಅಷ್ಟು ಸಾಕು ಎಂದುಬಿಟ್ಟಿದ್ದರು. ಹೆಸರಿತ್ತು ಎಂದು ಬರೆದು ಸಿಳ್ಳೆ ಹೊಡೆಸಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಯಾವ ಹೆಸರೆಂದು ಒಂದು ಗಳಿಗೆಯಾದರೂ ಯೋಚಿಸಿದ್ದರೇ? ಆ ಸಿನಿಮಾ ಖಾಲಿ ಕೊಡವೆಂದೂ ತಾವು ಅದರೊಳಗೆ ಒಂದು ಹಿಡಿ ಅಕ್ಕಿ ಹಾಕಿದೆವೆಂದೂ ವರ್ಷವೆಲ್ಲ ನಂಬಿಕೊಂಡಿದ್ದರು. ಹಾಕಿದ್ದೂ ಬರೀ ಹೊಟ್ಟು. ಅದಕ್ಕೇ ಯಾರ ಬಾಯಿಗೆ ಬೇಕಾದರೂ ಅಷ್ಟು ಸಲೀಸಾಗಿ ಹಾರಿತು.

ಎಲ್ಲರೂ ಮೇಷ್ಟರನ್ನೇ ನೋಡುತ್ತಿದ್ದರು. ಅವರು ಎದ್ದು ಬಂದು ಬ್ಯಾಟರಾಯಪ್ಪನ ಹೆಗಲ ಮೇಲಿದ್ದ ಗದೆಯನ್ನು ಕೆಳಗಿಳಿಸಿದರು.

"ಪಿಚ್ಚರ್ ಬಿಡು. ಕೆಳಗೆ ಮಲಗಿರೋನ್ನ ನೋಡು. ನೋಡ್ಕೊಂಡು, ಅವನ ಹೆಸ್ರು ಹೇಳು. ಬೇರೇನೂ ಬೇಡ."

ಬ್ಯಾಟರಾಯಪ್ಪ ತುಟಿಯ ಮೇಲಿನ ನಗುವನ್ನು ಇನ್ನೂ ಬಿಟ್ಟಿರಲಿಲ್ಲ. ಬಗ್ಗಿ ನೋಡಿದ. ಇಷ್ಟು ವರ್ಷ ತನ್ನ ಕಾಲ ಬುಡದಲ್ಲಿ ಸತ್ತು ಬಿದ್ದವನನ್ನು ಅವನು ಒಂದು ಸಲವೂ ನೋಡಿರಲಿಲ್ಲ. ಹಾಡುವಾಗ ಕಣ್ಣು ಯಾವಾಗಲೂ ಜನರ ಮೇಲೆ. ಮುನಿಶಾಮಪ್ಪ ಕಣ್ಣು ಮುಚ್ಚಿ, ಪಾತ್ರಕ್ಕೆ ತಕ್ಕಂತೆ ಉಸಿರು ಬಿಗಿಹಿಡಿದಿದ್ದ. ಗಲ್ಲದ ಮೇಲೆ ಬಿಳಿ ಕುರುಚಲುಗಡ್ಡ, ಅಂಗಿಯ ಗುಂಡಿ ಬಿಚ್ಚಿದ ಕಡೆ ಎದ್ದು ಕಾಣುವ ಎಲುಬು, ಸ್ವಲ್ಪ ತೆರೆದ ಬಾಯಿ. ಬ್ಯಾಟರಾಯಪ್ಪನ ಮುಖದ ನಗು ತಾನಾಗಿ ಇಳಿಯಿತು. ಗದೆಯ ರಾಜನ ಧ್ವನಿಯಲ್ಲ, ಮಂಡಿಯ ಧ್ವನಿಯೂ ಅಲ್ಲ, ಯಾವುದೋ ಬರಿಗಂಟಲಿನಿಂದ ಕರೆದ.

"ಮುನಿಶಾಮಪ್ಪ." ಸ್ವಲ್ಪ ತಡೆದು ಮತ್ತೆ ಹೇಳಿದ. "ದೊಡ್ಡಮುನಿಯಪ್ಪನ ಮಗ. ಅಟ್ಟೂರು."

ಮುನಿಶಾಮಪ್ಪ ಕಣ್ಣು ಬಿಟ್ಟ. ಕೈಯೂರಿ ಧಡಕ್ಕನೆ ಎದ್ದು ಕೂತು, ಎದೆ ಮುಟ್ಟಿ ನೋಡಿಕೊಂಡ. ಹಣೆಯ ಮೇಲೆ ಬೆವರೊಡೆದಿತ್ತು.

"ಇಂಗ್ ಕರೀಬ್ಯಾಡಿ ಕಣ್ರಪ್ಪ. ನಿಜವಾಗ್ಲೂ ಸತ್ತಂಗಾಯ್ತು."

ಬ್ಯಾಟರಾಯಪ್ಪ ಗದೆಯನ್ನು ಗೋಡೆಗಿಟ್ಟು, ಕೈ ಕೊಟ್ಟು ಅವನನ್ನು ಎಬ್ಬಿಸಿ ನಿಲ್ಲಿಸಿದ. ಟೆಂಪೋದವನು ತಲೆ ತಗ್ಗಿಸಿಕೊಂಡು ಉಗುರು ನೋಡುತ್ತಿದ್ದ. ಮೇಷ್ಟ್ರು ಹಾರ್ಮೋನಿಯಂ ಹತ್ತಿರ ವಾಪಸು ಬಂದು ಕೂತರು, ಕಾಲನ್ನು ತುಳಿಯುವ ಹಲಗೆಯ ಮೇಲೆ ಇಟ್ಟುಕೊಂಡು ಕಾದರು. ಯಾರೂ ಒನ್ಸ್ ಮೋರ್ ಅನ್ನಲಿಲ್ಲ.